ಬೇರೆ ಏನೇನು ತಗೊಳ್ತೀರಮ್ಮ?

ಅಮ್ಮ ಶಿವಮೊಗ್ಗದಿಂದ ಇಂಗ್ಲೆಂಡಿನ ಲೀಡ್ಸ್‌ಗೆ ಬಂದಿದ್ದಳು. ನಮ್ಮನೆ ಮೆಟ್ಟಿಲು ಹತ್ತಿ ಇಳಿದು ವಾರದಲ್ಲೇ ಮಂಡಿನೋವು ಜಾಸ್ತಿಯಾಯಿತು. ಡೈಕ್ಲೊಫೆನಾಕ್ ಅನ್ನೋ ನೋವಿನ ಮಾತ್ರೆ ತರೋಣ ಅಂತ ಔಷಧಿ ಅಂಗಡಿಗೆ ಹೋದರೆ ಕೊಡಲಿಲ್ಲ. ಹೃದಯಕ್ಕೆ ತೊಂದರೆ ಆಗಬಹುದು ಅಂತ 2015ರಿಂದ ಇಲ್ಲಿ ಡಾಕ್ಟರ ಚೀಟಿ ಇಲ್ಲದೆ ಅದನ್ನು ಮಾರುವಂತಿಲ್ಲ. ನನಗೆ ಸಿಟ್ಟು ಬಂತು. ಒಂದು ಸ್ಟ್ರಿಪ್‌ಗೆ ಇಷ್ಟೊಂದು ರಾಮಾಯಣವಾ?

'ಅಮ್ಮ ಬೇರೆ ಏನೇನು ತಗೊಳ್ತಾರೆ?' ಅಂತ ಫಾರ್ಮಸಿಸ್ಟ್ ಕೇಳಿದರು. ಬಿಪಿ ಮಾತ್ರೆ ಒಂದೇ ಅಂದೆ. ನಾಳೆ ಎಲ್ಲ ತಂದು ತೋರಿಸಿ ಅಂದರು.

ಮರುದಿನ ಅಮ್ಮನನ್ನೂ ಅವಳ ಮಾತ್ರೆ ಡಬ್ಬಿಯನ್ನೂ ಕರೆದೊಯ್ದೆ. ಅದರಲ್ಲಿ ಅಸಿಕ್ಲೊಫೆನಾಕ್ ಇತ್ತು, ಡೈಕ್ಲೊಫೆನಾಕ್ ಇತ್ತು, ಎರಡರಲ್ಲೂ ಪ್ಯಾರಾಸಿಟಮಾಲ್ ಸೇರಿತ್ತು. ಜೊತೆಗೆ ಗ್ಯಾಸಿನ ಮಾತ್ರೆ, ಹಚ್ಚುವ ಎಣ್ಣೆ ಎರಡು ಬಾಟಲಿ. ನಾನು ನೋಡಿಯೇ ಇರಲಿಲ್ಲ. 'ಇದನ್ನೆಲ್ಲ ಯಾಕಮ್ಮ ಹೇಳಲಿಲ್ಲ?' ಅಂದೆ. 'ಅದು ನೋವಿಗೆ ಕಣೋ, ಕಾಯಿಲೆಗಲ್ಲ' ಅಂದಳು.

ಫಾರ್ಮಸಿಸ್ಟ್ ನಿಧಾನವಾಗಿ ಹೇಳಿದರು. ಅಸಿಕ್ಲೊಫೆನಾಕ್, ಡೈಕ್ಲೊಫೆನಾಕ್ ಎರಡೂ ಒಂದೇ ಜಾತಿಯ ನೋವಿನ ಮಾತ್ರೆ, ಒಟ್ಟಿಗೆ ಬೇಡ. ಬಿಪಿ ಏರಬಹುದು, ಹೊಟ್ಟೆಯಲ್ಲಿ ಹುಣ್ಣಾಗಬಹುದು, ಬಿಪಿ ಮಾತ್ರೆ ಜೊತೆ ಸೇರಿದರೆ ಕಿಡ್ನಿಗೂ ಕಷ್ಟ. ಕೊನೆಗೆ ಅದೇ ಡೈಕ್ಲೊಫೆನಾಕ್‌ನ ಜೆಲ್ ಕೊಟ್ಟರು. ಹಚ್ಚಿದರೆ ರಕ್ತಕ್ಕೆ ಸೇರುವುದು ತುಂಬಾ ಕಡಿಮೆ. ಹಚ್ಚಿದ ಮೇಲೆ ಉಪ್ಪಿನ ಶಾಖ ಕೊಡಬಾರದು. ಕುರ್ಚಿಯಲ್ಲಿ ಕೂತು ಕಾಲು ನೀಟುವ ವ್ಯಾಯಾಮವನ್ನೂ ತೋರಿಸಿದರು. ಮಂಡಿ ಸವೆತಕ್ಕೆ ಮೊದಲ ಮದ್ದೇ ಅದಂತೆ.

ನಮ್ಮ ದೇಶದಲ್ಲೂ ಈ ನೋವಿನ ಮಾತ್ರೆಗಳಿಗೆ ಚೀಟಿ ಬೇಕು. ಸ್ಟ್ರಿಪ್ ಮೇಲೇ ಅಚ್ಚಾಗಿದೆ. ಆದರೂ ಊರಿನ ಮೆಡಿಕಲ್ ಶಾಪಲ್ಲಿ 'ಮಂಡಿನೋವು' ಅಂದರೆ ಸಾಕು, ಕತ್ತರಿಯಲ್ಲಿ ಹತ್ತು ಮಾತ್ರೆ ಕತ್ತರಿಸಿ ಕೊಡುತ್ತಾರೆ. ನಮ್ಮ ಹಿರಿಯರ ಕಿಡ್ನಿ ಅಷ್ಟು ಅಗ್ಗವಾ? ಇದನ್ನು ನೆನೆದರೆ ಈಗಲೂ ನನಗೆ ಹೊಟ್ಟೆ ಉರಿಯುತ್ತದೆ.

ಹಾಗಂತ ಇಲ್ಲೇ ಎಲ್ಲ ಚೆನ್ನಾಗಿದೆ ಅಂತಲೂ ಅಲ್ಲ. ಎದುರು ಮನೆ ಅಜ್ಜನಿಗೂ ಮಂಡಿನೋವು. ಫಿಸಿಯೊಥೆರಪಿಗೆ ತಿಂಗಳುಗಟ್ಟಲೆ ಕಾದರು. ಜೆಲ್ಲನ್ನು ಒಬ್ಬರೇ ಹಚ್ಚಿಕೊಳ್ಳುತ್ತಾರೆ. ಊರಲ್ಲಾದರೆ ಅಮ್ಮನಿಗೆ ನಡೆಯಲು ಆಗದ ದಿನ ಆ ಮೆಡಿಕಲ್ ಶಾಪಿನವರೇ ಮನೆಗೆ ಮಾತ್ರೆ ತಂದುಕೊಡುತ್ತಾರೆ, ಊಟ ಆಯ್ತಾ ಅಂತ ವಿಚಾರಿಸುತ್ತಾರೆ. ಮಗನಾಗಿ ನಾನು ಮಾಡಬೇಕಾದ್ದನ್ನು ಅವರು ಮಾಡುತ್ತಿದ್ದಾರೆ, ಒಪ್ಪುತ್ತೇನೆ. ಅಷ್ಟು ಹತ್ತಿರದವರು ಆ ಒಂದು ಪ್ರಶ್ನೆಯನ್ನೂ ಕೇಳಬಹುದಿತ್ತು, ಅಲ್ವಾ?

ಅಮ್ಮ ಹೊರಡುವಾಗ ಎಲ್ಲ ಮಾತ್ರೆಗಳ ಹೆಸರು ಕನ್ನಡದಲ್ಲಿ ಬರೆದು ಡಬ್ಬಿಯ ಮುಚ್ಚಳಕ್ಕೆ ಅಂಟಿಸಿದೆ. ಡಾಕ್ಟರಿಗೂ ತೋರಿಸಮ್ಮ, ಅಂಗಡಿಯವರಿಗೂ ತೋರಿಸಮ್ಮ ಅಂತ ಎರಡೆರಡು ಸಲ ಹೇಳಿದ್ದೇನೆ.