ಹೆದರಿದ ಬೆಕ್ಕಿನ ಶುಗರ್ ನಂಬಬೇಡಿ

ಬೆಕ್ಕು ಸಾಕಿದವರಿಗೆಲ್ಲ ಇದನ್ನು ಹೇಳಲೇಬೇಕು ಅನ್ನಿಸಿತು. ಆಸ್ಪತ್ರೆಯಲ್ಲಿ ಒಂದು ಸಲ ಶುಗರ್ ಜಾಸ್ತಿ ಬಂತು ಅಂದ ಮಾತ್ರಕ್ಕೆ ನಿಮ್ಮ ಬೆಕ್ಕಿಗೆ ಡಯಾಬಿಟಿಸ್ ಇದೆ ಎಂದು ತೀರ್ಮಾನಿಸಬೇಡಿ. ಬುಟ್ಟಿಯಲ್ಲಿ ಕೂಡಿಹಾಕಿ, ಗಾಡಿಯಲ್ಲಿ ಕರೆದೊಯ್ದು, ನಾಯಿ ಬೊಗಳುವ ಕಡೆ ಕೂರಿಸಿ, ಗುರುತಿಲ್ಲದವರು ಹಿಡಿದು ಸೂಜಿ ಚುಚ್ಚಿದರೆ, ಆ ಭಯಕ್ಕೇ ಆರೋಗ್ಯವಾಗಿರುವ ಬೆಕ್ಕಿನ ಶುಗರ್ ಕೂಡ 300 ದಾಟಬಹುದು.

ಅದಕ್ಕೇ ಫ್ರಕ್ಟೋಸಮೈನ್ ಟೆಸ್ಟ್ ಮಾಡಿಸಿ ಎಂದು ಡಾಕ್ಟರನ್ನು ಕೇಳಿ. ಅದು ಹಿಂದಿನ ಒಂದೆರಡು ವಾರ ಶುಗರ್ ಹೇಗಿತ್ತು ಅನ್ನುವುದನ್ನು ತೋರಿಸುತ್ತದೆ. ಆ ಗಳಿಗೆಯ ಹೆದರಿಕೆ ಅದರಲ್ಲಿ ಸೇರುವುದಿಲ್ಲ.

ಹಾಗಂತ ಭಯಕ್ಕೆ ಏರಿದೆ ಬಿಡಿ ಅಂತ ಸುಮ್ನೆ ಇರುವುದೂ ತಪ್ಪು. ನಮ್ಮ ಗುಂಡ ನೀರಿನ ಬಟ್ಟಲು ಪದೇ ಪದೇ ಖಾಲಿ ಮಾಡುತ್ತಿದ್ದ, ಲಿಟರ್ ಬಾಕ್ಸ್‌ನಲ್ಲಿ ಮೂತ್ರಕ್ಕೆ ಗಟ್ಟಿಯಾದ ದೊಡ್ಡ ದೊಡ್ಡ ಉಂಡೆಗಳು, ಹೊಟ್ಟೆ ತುಂಬ ತಿಂದರೂ ಬೆನ್ನುಮೂಳೆ ಕೈಗೆ ಸಿಗುತ್ತಿತ್ತು. ಕೊನೆಗೆ ಹಿಂಗಾಲಿನ ಹಿಮ್ಮಡಿ ನೆಲಕ್ಕೆ ಊರಿ ನಡೆಯತೊಡಗಿದ. ವಯಸ್ಸಾಯಿತು ಅಂದುಕೊಂಡೆ. ಶುಗರ್ ನರಕ್ಕೆ ಪೆಟ್ಟು ಕೊಟ್ಟಿತ್ತು. ಆ ದಿನಗಳು ನೆನಪಾದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಇನ್ಸುಲಿನ್ ಸಾಮಾನ್ಯವಾಗಿ 12 ಗಂಟೆಗೊಮ್ಮೆ. ಸೂಜಿ ಬಹಳ ಸಣ್ಣದು, ಸಡಿಲ ಚರ್ಮ ಎತ್ತಿ ಚುಚ್ಚಿದರೆ ಅವನಿಗೆ ಗೊತ್ತೇ ಆಗುವುದಿಲ್ಲ. ಸಿರಿಂಜ್ ಮಾತ್ರ ಸರಿಯಾಗಿ ನೋಡಿ: ಯು-40 (ಒಂದು ಮಿ.ಲೀ.ಗೆ 40 ಯೂನಿಟ್ ಇನ್ಸುಲಿನ್) ಔಷಧಿಗೆ ಯು-40 ಸಿರಿಂಜ್, ಯು-100ಕ್ಕೆ (ಮಿ.ಲೀ.ಗೆ 100 ಯೂನಿಟ್) ಯು-100. ಅದಲು ಬದಲಾದರೆ ಡೋಸ್ ಎರಡೂವರೆ ಪಟ್ಟು ಏರುಪೇರಾಗುತ್ತದೆ. ಬೆಕ್ಕು ತಿನ್ನದಿದ್ದರೆ ಡಾಕ್ಟರಿಗೆ ಫೋನ್ ಮಾಡದೆ ಚುಚ್ಚಬೇಡಿ. ತೂರಾಡಿದರೆ, ಮಂಕಾದರೆ ಶುಗರ್ ಕುಸಿದಿರಬಹುದು. ಒಸಡಿಗೆ ಜೇನು ಸವರಿ ಕೂಡಲೇ ಆಸ್ಪತ್ರೆಗೆ ಓಡಿ.

ನನ್ನ ಇನ್ನೊಂದು ತಕರಾರು ಇಲ್ಲೇ. ಭಯದಲ್ಲಿ ಏರಿದ ಅದೇ ಆಸ್ಪತ್ರೆಯ ಅಂಕಿ ನೋಡಿ ನಮಗೂ ಡೋಸ್ ಏರಿಸಿದ್ದರು, ಆ ರಾತ್ರಿಯೇ ಗುಂಡ ತೂರಾಡಿ ಬಿದ್ದ. ಮನೆಯಲ್ಲೇ ಕಿವಿಯ ಅಂಚು ಚುಚ್ಚಿ ನೋಡುವುದನ್ನು ಕಲಿತ ಮೇಲೆಯೇ ನಿಜವಾದ ಅಂಕಿ ಸಿಕ್ಕಿದ್ದು. ಮನುಷ್ಯರ ಮೀಟರ್ ಬೆಕ್ಕಿನ ರಕ್ತದಲ್ಲಿ ಸ್ವಲ್ಪ ಕಡಿಮೆ ತೋರಿಸುತ್ತದೆ, ಅದನ್ನು ಡಾಕ್ಟರಿಗೆ ತಿಳಿಸಿ.

ಒಣ ಕಾಳಿನಂಥ ಆಹಾರ ಬಿಟ್ಟು ಕಾರ್ಬೋಹೈಡ್ರೇಟ್ ಕಡಿಮೆ ಇರುವ ಮೆತ್ತನೆ ಆಹಾರಕ್ಕೆ ಬಂದು, ಬೇಗ ಚಿಕಿತ್ಸೆ ಶುರುವಾದರೆ, ಇನ್ಸುಲಿನ್ನೇ ಬೇಡವಾಗುವ ಬೆಕ್ಕುಗಳೂ ಇವೆ. ಆಹಾರ ಬದಲಿಸುವ ಮೊದಲು ಡೋಸ್ ಬಗ್ಗೆ ಕೇಳಿ. ಗುಂಡನಿಗೆ ಇನ್ನೂ ಬೇಕು. ನಿನ್ನೆ ಸಂಜೆ ಕಿವಿ ಚುಚ್ಚಿದಾಗ ನನ್ನ ಮಡಿಲಲ್ಲಿ ನಿದ್ದೆ ಮಾಡುತ್ತಲೇ ಇದ್ದ. 148 ಬಂತು.