ಗುದ್ದೋದು ಬೇಡ ಮಾರಾಯ, ಚೆಂಡು ಹಿಡಿ

1892ರ ಸೆಪ್ಟೆಂಬರ್ 7ರಂದು ನ್ಯೂ ಆರ್ಲಿಯನ್ಸ್‌ನಲ್ಲಿ ಜಿಮ್ ಕಾರ್ಬೆಟ್ 21ನೇ ಸುತ್ತಿನಲ್ಲಿ ಜಾನ್ ಎಲ್. ಸಲಿವನ್‌ನನ್ನು ನೆಲಕ್ಕೆ ಮಲಗಿಸಿ ಹೆವಿವೇಟ್ ಬಾಕ್ಸಿಂಗ್ ಚಾಂಪಿಯನ್ ಆದ. ನರಭಕ್ಷಕ ಹುಲಿಗಳ ಕಾರ್ಬೆಟ್ ಬೇರೆ. ಇವನು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಬ್ಯಾಂಕ್ ಗುಮಾಸ್ತನಾಗಿದ್ದವನು. ತಲೆ ನೀಟಾಗಿ ಬಾಚಿ, ನಯವಾಗಿ ಮಾತಾಡುತ್ತಿದ್ದ. ಹಾಗಾಗಿ ‘ಜಂಟಲ್‌ಮನ್ ಜಿಮ್’.

ಚಾಂಪಿಯನ್ ಅಂದ ಮೇಲೆ ಗುದ್ದಾಡಬೇಕು, ಅಲ್ವಾ? ಪಟ್ಟ ಇವನ ಬಳಿ ಇದ್ದದ್ದು ನಾಲ್ಕೂವರೆ ವರ್ಷ. ಅದನ್ನು ಉಳಿಸಿಕೊಳ್ಳಲು ಗುದ್ದಾಡಿ ಗೆದ್ದದ್ದು ಒಂದೇ ಒಂದು ಸಲ, 1894ರ ಜನವರಿಯಲ್ಲಿ. ಅದೂ ಮೂರೇ ಸುತ್ತು. ಉಳಿದ ಹೊತ್ತಲ್ಲಿ ಮುಖಕ್ಕೆ ಬಣ್ಣ ಹಚ್ಚಿ ನಾಟಕ ಮಾಡಿದ. 1895ರಿಂದ ಸಣ್ಣ ಲೀಗುಗಳಲ್ಲಿ ಬೇಸ್‌ಬಾಲ್ ಬೇರೆ ಆಡಿದ.

ತಪ್ಪು ಪೂರ್ತಿ ಅವನದಲ್ಲ ಬಿಡಿ. 1895ರಲ್ಲಿ ಡಲ್ಲಾಸ್‌ನಲ್ಲಿ ಬಾಬ್ ಫಿಟ್ಸಿಮನ್ಸ್ ಎಂಬ ಬಾಕ್ಸರ್ ಜೊತೆ ಪಂದ್ಯ ನಿಗದಿಯಾಗಿತ್ತು. ಟೆಕ್ಸಾಸ್ ಗವರ್ನರ್ ಕಲ್ಬರ್ಸನ್ ಶಾಸಕರನ್ನೆಲ್ಲ ಆಸ್ಟಿನ್‌ಗೆ ಕರೆಸಿ, ವಿಶೇಷ ಅಧಿವೇಶನ ನಡೆಸಿ, ಬಾಕ್ಸಿಂಗ್‌ಗೆ ನಿಷೇಧ ಹಾಕಿದರು. ಇಬ್ಬರು ಗಂಡಸರ ಗುದ್ದಾಟ ತಪ್ಪಿಸಲು ಇಡೀ ಶಾಸನಸಭೆ! ಪಕ್ಕದ ಅರ್ಕಾನ್ಸಾಸ್‌ನಲ್ಲೂ ಬಾಗಿಲು ಮುಚ್ಚಿತು.

ಬೇಸತ್ತ ಕಾರ್ಬೆಟ್ ನವೆಂಬರ್‌ನಲ್ಲಿ ಪಟ್ಟವನ್ನು ಪೀಟರ್ ಮಹರ್ ಎಂಬ ಇನ್ನೊಬ್ಬ ಬಾಕ್ಸರ್‌ಗೆ ದಾನ ಕೊಟ್ಟುಬಿಟ್ಟ. ಹಳೇ ಕೋಟು ಕೊಟ್ಟ ಹಾಗೆ. 1896ರ ಫೆಬ್ರವರಿಯಲ್ಲಿ ಮಹರ್‌ಗೂ ಫಿಟ್ಸಿಮನ್ಸ್‌ಗೂ ಪಂದ್ಯ ನಡೆದದ್ದು ರಿಯೊ ಗ್ರಾಂಡೆ ನದಿಯ ಮರಳುದಿಬ್ಬದ ಮೇಲೆ. ಆ ಮರಳು ಮೆಕ್ಸಿಕೋಗೆ ಸೇರಿದ್ದು, ನಿಷೇಧದ ಕಾನೂನು ಟೆಕ್ಸಾಸಿನದು. ತಡೆಯಲು ಬಂದಿದ್ದ ಪೊಲೀಸರು ಈಚೆ ದಡದಲ್ಲಿ ನಿಂತು, ಟಿಕೆಟ್ ಇಲ್ಲದೆ ಪಂದ್ಯ ನೋಡಿದರು. 95 ಸೆಕೆಂಡಿನಲ್ಲಿ ಮಹರ್ ಬಿದ್ದ. ಕೂಡಲೇ ಕಾರ್ಬೆಟ್‌ಗೆ ತಾನು ಕೊಟ್ಟ ದಾನದ ನೆನಪಾಯಿತು. ಪಟ್ಟ ನನ್ನದೇ ಅಂದ.

ಬೇಸ್‌ಬಾಲಿಗೆ ಇಂಥ ತಂಟೆ ಇಲ್ಲ. ಅವನನ್ನು ಫಸ್ಟ್ ಬೇಸ್‌ನಲ್ಲಿ, ಅಂದರೆ ಬ್ಯಾಟ್ ಬೀಸಿದವನು ಓಡಿ ಮೊದಲು ಮುಟ್ಟಬೇಕಾದ ಜಾಗದಲ್ಲಿ, ನಿಲ್ಲಿಸುತ್ತಿದ್ದರು. ಬೇಸಿನ ಮೇಲೊಂದು ಕಾಲಿಟ್ಟು, ಉಳಿದವರು ಎಸೆದ ಚೆಂಡು ಹಿಡಿಯಬೇಕು. ನಮ್ಮ ಕ್ರಿಕೆಟ್‌ನಲ್ಲಿ ರನ್‌ಔಟ್ ಮಾಡಲು ಸ್ಟಂಪ್ ಪಕ್ಕ ನಿಲ್ಲುವ ಹಾಗೆ. ಅಲ್ಲಿ ಹೇಗೆ ಆಡಿದ ಅಂತ ಕೇಳಬೇಡಿ. ಜವಳಿ ಅಂಗಡಿಯ ರಿಬ್ಬನ್ ಕತ್ತರಿಸಲು ಬಂದ ನಟನಿಗೆ ಸೀರೆಯ ನೂಲು ಗೊತ್ತಿರಬೇಕೇ? ಜನ ಬರುತ್ತಿದ್ದದ್ದು ಸಲಿವನ್‌ನನ್ನು ಬೀಳಿಸಿದ ಕೈ ನೋಡಲು. ಆ ಕೈ ಯಾರಿಗೂ ಗುದ್ದಲಿಲ್ಲ. ಸುಮ್ನೆ ಚೆಂಡಿಗಾಗಿ ಕಾಯುತ್ತಿತ್ತು. ಆದರೂ ಟಿಕೆಟ್ ಖರ್ಚಾಗುತ್ತಿತ್ತು.

ಕೊನೆಗೆ ನೆವಾಡಾ ರಾಜ್ಯ ಬಾಕ್ಸಿಂಗ್‌ಗೆ ಒಪ್ಪಿಗೆ ಕೊಟ್ಟಿತು. 1897ರ ಮಾರ್ಚ್ 17, ಕಾರ್ಸನ್ ಸಿಟಿ. 14ನೇ ಸುತ್ತಿನಲ್ಲಿ ಫಿಟ್ಸಿಮನ್ಸ್ ಹೊಟ್ಟೆಯ ಮೇಲ್ಭಾಗಕ್ಕೆ ಒಂದು ಕೊಟ್ಟ. ಕಾರ್ಬೆಟ್ ಉಸಿರು ಸಿಗದೆ ಕುಸಿದ. ಪಟ್ಟ ಹೋಯಿತು. ಬೇಸ್‌ಬಾಲ್ ತಂಡಗಳಿಗೆ ಅದರಿಂದ ಏನೂ ಬೇಜಾರಾಗಲಿಲ್ಲ. ಆ ಬೇಸಿಗೆಯಲ್ಲೂ ಕರೆದವು, ಇವನೂ ಹೋದ. ಮಾಜಿಯಾದರೂ ಚಾಂಪಿಯನ್ನೇ ತಾನೇ!

ಅಂದಹಾಗೆ, ಆ ಮನೆಯಲ್ಲಿ ನಿಜವಾಗಿ ಬೇಸ್‌ಬಾಲ್ ಬರುತ್ತಿದ್ದವನು ಇನ್ನೊಬ್ಬನಿದ್ದ. ತಮ್ಮ ಜೋ ಕಾರ್ಬೆಟ್. ದೊಡ್ಡ ಲೀಗ್‌ನ ಬಾಲ್ಟಿಮೋರ್ ತಂಡದ ಪಿಚರ್, ನಮ್ಮ ಬೌಲರ್ ಇದ್ದ ಹಾಗೆ. ಅದೇ 1897ರಲ್ಲಿ 24 ಪಂದ್ಯ ಗೆಲ್ಲಿಸಿಕೊಟ್ಟ. ಮುಂದಿನ ವರ್ಷದ ಸಂಬಳದ ಮಾತು ಹೊಂದಲಿಲ್ಲ. ಬೇರೆ ತಂಡಕ್ಕೆ ಹೋಗೋಣವೆಂದರೆ ಆಗಿನ ನಿಯಮ ಬಿಡುವುದಿಲ್ಲ. ಆಡುವುದನ್ನೇ ಬಿಟ್ಟು ಕ್ಯಾಲಿಫೋರ್ನಿಯಾದ ಮನೆಯಲ್ಲಿ ಉಳಿದ. ದೊಡ್ಡ ಲೀಗ್‌ಗೆ ಮತ್ತೆ ಬಂದದ್ದು 1904ರಲ್ಲಿ.

ಅಷ್ಟರಲ್ಲಿ ಅಣ್ಣ ಇನ್ನೂ ಎಷ್ಟೋ ಊರುಗಳ ಫಸ್ಟ್ ಬೇಸ್ ಮೇಲೆ ಕಾಲಿಟ್ಟು ಬಂದಿದ್ದ.