ಕುಂದಾಪುರದಲ್ಲಿ ಅದಕ್ಕೆ ನೆಂಟರಿಲ್ಲ

ಮುಂಬೈ ಕನ್ನಡಿಗರ ಲೋಕ ತೀರಾ ಸಣ್ಣದು. ಮಾಟುಂಗಾದಲ್ಲಿ ಬೆಳಿಗ್ಗೆ ಬಾಯಿಬಿಟ್ಟರೆ ಸಂಜೆಗೆ ಕುಂದಾಪುರದಿಂದ ಅತ್ತೆಯ ಫೋನ್. ಹಾಗಾಗಿ ನಾನು ವರ್ಷಗಟ್ಟಲೆ ಮನಸ್ಸು ಬಿಚ್ಚಿದ್ದು ಡೊಂಬಿವಲಿ ಲೋಕಲ್‌ನ ಲೇಡೀಸ್ ಡಬ್ಬದಲ್ಲಿ, ಹೆಸರೂ ಗೊತ್ತಿಲ್ಲದ ಹೆಂಗಸರ ಹತ್ತಿರ. ಅವರು ಘಾಟ್ಕೋಪರ್‌ನಲ್ಲಿ ಇಳಿದರೆ ನನ್ನ ಮಾತೂ ಅಲ್ಲೇ ಇಳಿಯಿತು.

ಈಗ ಡಬ್ಬದಲ್ಲಿ ಎಲ್ಲರ ಕಣ್ಣೂ ಫೋನಿನಲ್ಲಿ. ನನ್ನದೂ. ಹೋದ ತಿಂಗಳು ಕಂಕುಳಲ್ಲಿ ಒಂದು ಗಂಟು ಕಂಡಿತು. ಗಂಡನಿಗೆ ಹೇಳಲಿಲ್ಲ, ಚಾಟ್‌ಬಾಟ್‌ಗೆ ಹೇಳಿದೆ. 'ತಮ್ಮ ಆತಂಕವು ಸಹಜವಾದುದು' ಎಂದು ಪಾಠಪುಸ್ತಕದ ಕನ್ನಡದಲ್ಲಿ ಸಮಾಧಾನ ಮಾಡಿತು. ನಗು ಬಂತು. ಆದರೆ ಹಗುರವೂ ಆಯಿತು, ಸುಳ್ಳು ಹೇಳಲ್ಲ. (ಡಾಕ್ಟರಿಗೆ ತೋರಿಸಿಯಾಯಿತು, ಬರೀ ಕೊಬ್ಬಿನ ಗಂಟು. ಯಾರೂ ಫೋನ್ ಮಾಡಬೇಡಿ.)

ಇದು ಹೊಸ ಹುಚ್ಚೇನಲ್ಲ. 1966ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಜೋಸೆಫ್ ವೈಜೆನ್‌ಬಾಮ್, ಟೈಪ್ ಮಾಡಿದ್ದಕ್ಕೆ ಉತ್ತರ ಕೊಡುವ 'ಎಲೈಜಾ' ಎಂಬ ತಮ್ಮ ಕಂಪ್ಯೂಟರ್ ಪ್ರೋಗ್ರಾಮ್ ಬಗ್ಗೆ ಬರೆದರು. ಅದಕ್ಕೆ ಒಂದು ಅಕ್ಷರವೂ ಅರ್ಥವಾಗುತ್ತಿರಲಿಲ್ಲ. 'ಅಮ್ಮ' ಅಂದರೆ ಸಾಕು, 'ನಿಮ್ಮ ಮನೆಯವರ ಬಗ್ಗೆ ಇನ್ನಷ್ಟು ಹೇಳಿ' ಎನ್ನುತ್ತಿತ್ತು. ಅವರು ಅದನ್ನು ತಯಾರಿಸುವುದನ್ನು ತಿಂಗಳುಗಟ್ಟಲೆ ನೋಡಿದ್ದ ಸೆಕ್ರೆಟರಿಯೇ ಅದರ ಮುಂದೆ ಕೂತು, ನಾಲ್ಕು ಮಾತಾಡುವಷ್ಟರಲ್ಲಿ, 'ನೀವು ಸ್ವಲ್ಪ ಹೊರಗೆ ಹೋಗಿ' ಅಂದರಂತೆ. ವೈಜೆನ್‌ಬಾಮ್ ಗಾಬರಿಯಾದರು. ನನಗೆ ಮಾತ್ರ ಆ ಹೆಂಗಸು ಪೂರ್ತಿ ಅರ್ಥವಾಗುತ್ತಾಳೆ.

ಚಾಟ್‌ಬಾಟ್ ಮೇಲೆ ನಂಬಿಕೆ ಅನ್ನುವ ದೊಡ್ಡ ಮಾತೆಲ್ಲ ಬೇಡ. ಕುಂದಾಪುರದಲ್ಲಿ ಅದಕ್ಕೆ ನೆಂಟರಿಲ್ಲ, ಅಷ್ಟೇ.

ಆದರೆ ಲೋಕಲ್‌ನ ಹೆಂಗಸು ಇಳಿದು ಹೋಗುತ್ತಿದ್ದಳು. ಇದು ಇಳಿಯುವುದೇ ಇಲ್ಲ ಅಲ್ವಾ? ಬರೆದದ್ದು ಯಾವುದೋ ಸರ್ವರ್‌ನಲ್ಲಿ ಕೂತಿರುತ್ತದೆ. 2025ರಲ್ಲಿ ಚಾಟ್‌ಜಿಪಿಟಿಯಿಂದ ಜನ ಶೇರ್ ಮಾಡಿದ್ದ ಎಷ್ಟೋ ಮಾತುಕತೆಗಳು ಗೂಗಲ್‌ನಲ್ಲಿ ಹುಡುಕಿದವರಿಗೆ ಸಿಕ್ಕವು. ಹುಡುಕಿದರೆ ಕಾಣಲಿ ಎಂಬ ಚೌಕಕ್ಕೆ ಟಿಕ್ ಹಾಕಿದವರದು ಮಾತ್ರ, ನಿಜ. ಅದನ್ನೆಲ್ಲ ಓದಿ ಟಿಕ್ ಹಾಕುವವರು ಯಾರು? ಗದ್ದಲ ಎದ್ದ ಮೇಲೆ ಕಂಪನಿ ಆ ಚೌಕವನ್ನೇ ತೆಗೆಯಿತು.

ಇನ್ನೊಂದು ಹೇಳಬೇಕು. ಅವತ್ತು ಠಾಣೆ ದಾಟುವಾಗ ನಾನು ಟೈಪ್ ಮಾಡುತ್ತಿದ್ದೆ. ಪಕ್ಕದ ಹೆಂಗಸು ಮೆಲ್ಲಗೆ ಕೈ ಮುಟ್ಟಿದರು. 'ನಂಗೂ ಇದ್ದಿತ್ ಮಾರಾಯ್ರೆ, ಹೆದ್ರಬೇಡಿ.' ದಾದರ್ ಬರುವ ತನಕ ಆಪರೇಶನ್‌ನಿಂದ ಹಿಡಿದು ಗಂಡನ ಸಿಟ್ಟಿನ ತನಕ ತಮ್ಮ ಕತೆಯೆಲ್ಲ ಹೇಳಿದರು. ನಾನೂ ಹೇಳಿದೆ, ಬಾಟ್‌ಗೆ ಹೇಳಿದ್ದಕ್ಕಿಂತ ಜಾಸ್ತಿ.

ಇಳಿಯುವಾಗ ಯಾವೂರು ಅಂತ ಕೇಳಿದೆ. ಕೋಟ ಅಂತೆ. ಅತ್ತೆ ಮನೆಯಿಂದ ಬಸ್ಸಿನಲ್ಲಿ ಅರ್ಧ ಗಂಟೆ.